ತೊಯ್ದ ಕೈಗೆ ಒಂದು ಮಾತ್ರೆ ಕಡಿಮೆ

ಇಸೊಯೆ ಆ ಹೈಕುವನ್ನು ಯಾರಿಗೂ ತೋರಿಸಬಾರದಿತ್ತು. ತೋರಿಸಿದ್ದು ಗೆಳತಿ ಮಿಸಾವೊಗೆ, ಅದೂ ಸಾಲುಗಳಿಗೆ ಐದು, ಏಳು, ಐದು ಮಾತ್ರೆಯ ಲೆಕ್ಕ ಸರಿಯಿದೆಯೇ ನೋಡು ಎಂದು.

ಗಂಡ ತೀರಿಕೊಂಡ ಮೇಲೆ ಅವಳು ಬರೆದ ಮೊದಲ ಪದ್ಯ ಅದು. ಚಳಿಗಾಲದಲ್ಲಿ ಅವನು ಮೂಲಂಗಿ ತೊಳೆದು, ಹಿಂದಿನಿಂದ ಬಂದು, ಮರಗಟ್ಟಿದ ಕೈಯನ್ನು ಅವಳ ಕೆನ್ನೆಗೆ ಒತ್ತಿ ನಗುತ್ತಿದ್ದ. ಪದ್ಯದಲ್ಲಿದ್ದದ್ದು ಅದೇ; ಕೊನೆಯ ಸಾಲು ‘ನುರೆತ ತೇ’, ತೊಯ್ದ ಕೈ.

ಮಿಸಾವೊ ಬೆರಳು ಮಡಿಸಿದಳು. “ನು, ರೆ, ತ, ತೆ. ನಾಲ್ಕೇ ಕಣೇ. ಐದಿರಬೇಕು.”

“ತೇ ಅಂತ ಎಳೀಬೇಕು. ಐದಾಗುತ್ತೆ.”

“ಅದು ನಿಮ್ಮ ವಾಕಾಯಾಮಾ ಕಡೆ ಎಳೆತ. ಇಷ್ಟು ವರ್ಷ ಮಿಯುರಾದಲ್ಲಿ ಸಂಸಾರ ಮಾಡಿದ್ರೂ ನಿನ್ನ ನಾಲಿಗೆ ಇನ್ನೂ ತವರಲ್ಲೇ ಇದೆ! ಇಲ್ಲಿ ಕೈ ಅಂದ್ರೆ ತೆ, ಗಿಡ್ಡ. ಕೂಟದಲ್ಲಿ ಎಲ್ಲರೂ ನಗ್ತಾರೆ. ಇದನ್ನ ಬಿಟ್ಟು ಬೇರೆ ಕೊಡು.”

ಇಸೊಯೆ ಬಿಟ್ಟಳು. ಬೆಕ್ಕಿನ ಬಗ್ಗೆ ಏನೋ ಗೀಚಿ ಕೊಟ್ಟಳು.

ಹೈಕು ಕೂಟದಲ್ಲಿ ಪದ್ಯಗಳಿಗೆ ಹೆಸರು ಹಾಕುವಂತಿಲ್ಲ. ಕುರಿಬಾರಾ ಮೇಷ್ಟ್ರು ತಮಗೆ ಹಿಡಿಸಿದ್ದನ್ನು ಓದುತ್ತಾರೆ. ಬರೆದವರು ಆಗ ತಮ್ಮ ಹೆಸರು ಕೂಗಬೇಕು. ಅಂದು ಎಲ್ಲಕ್ಕಿಂತ ಒಳ್ಳೆಯದೆಂದು ಒಂದನ್ನು ಕೊನೆಗೆ ಓದಿದರು. ಮೂಲಂಗಿ, ಕೆನ್ನೆ, ಆಮೇಲೆ ‘ನುರೆತ ತೆ ಯ’. ತೊಯ್ದ ಕೈ, ಆಹಾ.

ಇಸೊಯೆ ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ದನಿ ಬಂತು. “ಮಿಸಾವೊ!”

“ಯಾರ ಕೈಯಮ್ಮಾ ಅದು?” ಎಂದರು ಮೇಷ್ಟ್ರು.

“ನಮ್ಮ ಯಜಮಾನ್ರದು,” ಮಿಸಾವೊ ನಾಚಿಕೊಂಡಳು.

“ಈ ವಯಸ್ಸಲ್ಲೂ ಇಷ್ಟು ಸರಸವೇ!” ಯಾರೋ ಕಿಚಾಯಿಸಿದರು. ಎಲ್ಲರೂ ನಕ್ಕರು. ಅವಳ ಯಜಮಾನ ಬ್ಯಾಂಕಿನವನು. ಮೂಲಂಗಿಯನ್ನು ತಟ್ಟೆಯಲ್ಲಿ ಮಾತ್ರ ಕಂಡಿದ್ದವನು.

ಇಸೊಯೆ ಎದ್ದಳು. “ಸುಳ್ಳು. ಅದು ನನ್ನ ಗಂಡನ ಕೈ.”

ನಗು ನಿಂತಿತು. ಮಿಸಾವೊ ಅವಳ ತೋಳು ಜಗ್ಗಿದಳು. “ನೀನೇ ಬಿಟ್ಟಿದ್ದಲ್ಲವೇನೇ? ಕುಂಟ್ತಾ ಇತ್ತು, ಸರಿಮಾಡ್ದೆ.”

“ಬಿಡು ಅಂದವಳು ಯಾರು? ಬಾಲಕ್ಕೆ ಒಂದು ‘ಯ’ ಅಂಟಿಸಿದ್ದೀಯಲ್ಲ, ಅದು ನಿಂದು. ಇಟ್ಕೋ. ಮಿಕ್ಕಿದ್ದು ಕಕ್ಕು.”

ಇಸೊಯೆ ಪದ್ಯವನ್ನು ಮೊದಲಿಂದ ಹೇಳಿದಳು. ‘ತೇ’ಯನ್ನು ತವರಿನ ಹಾಗೇ ಉದ್ದಕ್ಕೆ ಎಳೆದಳು. ಆಮೇಲೆ ಹೆಸರು ಕೂಗಿದಳು. “ಇಸೊಯೆ!”

ಮೇಷ್ಟ್ರು ನೆಲ ನೋಡಿದರು. “ಆದ್ರೂ... ಒಂದು ಕಡಿಮೆ ಬೀಳುತ್ತಲ್ಲಮ್ಮ.”

“ನಿಮ್ಮ ಬೆರಳಿಗೆ ಬೀಳುತ್ತೆ.”

ಬರುವಾಗ ಮಿಸಾವೊಳ ಕಾರಿನಲ್ಲಿ ಬಂದಿದ್ದಳು. ಈಗ ಮೂಲಂಗಿ ಹೊಲಗಳ ನಡುವೆ, ಎದುರುಗಾಳಿಯಲ್ಲಿ, ನಡೆದೇ ಹೊರಟಳು. ಹಿಂದೆ ಅದೇ ಕಾರಿನ ಹಾರನ್ ಕೇಳಿಸಿತು. ಅವಳು ರಸ್ತೆ ಬಿಟ್ಟು ಹೊಲಕ್ಕೆ ಇಳಿದಳು.