ಮೂರನೇ ಕೂಗಿಗೆ ಮೊದಲು

ಮೊದಲೇ ಹೇಳಿಬಿಡುತ್ತೇನೆ, ಇದು ನಿಜವಾಗಿ ನಡೆದದ್ದು. ಕಂಡಕಂಡವರ ದನಿ ಕದಿಯುವ ಚಟ ನನಗಿರುವುದರಿಂದ ನನ್ನ ಮಾತನ್ನು ಯಾರೂ ನಂಬುವುದಿಲ್ಲ. ಆದರೆ ಕಳಮಶ್ಶೇರಿಯ ಆ ಮೈದಾನದಲ್ಲಿ ಅಂದು ಮುನ್ನೂರು ಜನ ಇದ್ದರು. ಬೇಕಾದರೆ ಅವರನ್ನೇ ಕೇಳಿ.

ಐಟಿ ಕಂಪನಿಗಳ ಹೆಂಗಸರ ಫುಟ್‌ಬಾಲ್ ಫೈನಲ್. ನನ್ನ ಹೆಂಡತಿ ತನುಶ್ರೀ ಗೋಲ್‌ಕೀಪರ್. ಅವಳು ಗೋಲಿ, ನಾನು ಗೋಳು ಎಂದೇ ಆಫೀಸಿನಲ್ಲಿ ನಾನು ಪರಿಚಯ ಹೇಳಿಕೊಳ್ಳುವುದು. ಎರಡನೇ ಹೆರಿಗೆಯಾದ ಮೇಲೆ ಎರಡು ವರ್ಷ ಮನೆಯಲ್ಲಿದ್ದು ಈಗಷ್ಟೇ ಮತ್ತೆ ಗ್ಲೌಸ್ ತೊಟ್ಟಿದ್ದಳು. ಕಪ್ಪಿನ ಆಸೆ ಅವಳಿಗೆ ಅಷ್ಟೇನಿರಲಿಲ್ಲ. ಐದು ವರ್ಷದ ಮಗಳು ಅನನ್ಯ ಒಂದು ಸಲವಾದರೂ ತನ್ನ ಆಟ ನೋಡಬೇಕು, ಅಷ್ಟೇ. ಅನನ್ಯಳಿಗೋ ಮೈಕ್ ಎಂದರೆ ಪ್ರಾಣಭಯ. ಹಿಂದಿನ ಎರಡು ಪಂದ್ಯಗಳಲ್ಲೂ ಧ್ವನಿವರ್ಧಕ ಗುರ್ರೆನ್ನುತ್ತಲೇ ಕಿವಿ ಮುಚ್ಚಿಕೊಂಡು ಕಿರುಚಿ, ಆಟ ಶುರುವಾಗುವ ಮೊದಲೇ ನಮ್ಮನ್ನು ಮೆಟ್ರೋ ಹತ್ತಿಸಿದ್ದಳು.

"ಇವತ್ತೂ ಹೋಗಿಬಿಟ್ಟರೆ ಇನ್ನು ಕರೆಯುವುದೇ ಇಲ್ಲ ಮಾರಾಯ" ಎಂದು ಬೂಟಿನ ಲೇಸು ಕಟ್ಟುತ್ತ ಹೇಳಿದಳು ತನುಶ್ರೀ. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು.

ಬಲಕ್ಕೆಂದು ಮಾವನವರನ್ನು ತಿರುವನಂತಪುರದಿಂದ ಕರೆಸಿದ್ದೆವು. ಉದಯಶಂಕರ ಎಂದರೆ ಕಾಸರಗೋಡಿನ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿ ಮೂವತ್ತು ವರ್ಷ, ಒಂದೊಂದು ಹೆಸರನ್ನೂ ಮೂರು ಸಲದಂತೆ, ಕೇಸು ಕೂಗಿದವರು. ನಿವೃತ್ತರಾದ ಮೇಲೆ ಮಗನ ಮನೆಯಲ್ಲಿದ್ದಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಗಿದ ಮುಖ. ಮದುವೆಯಾಗಿ ಏಳು ವರ್ಷವಾದರೂ ನನ್ನ ಒಂದು ಜೋಕಿಗೂ ಅವರು ನಕ್ಕಿರಲಿಲ್ಲ.

ಗ್ಯಾಲರಿಯಲ್ಲಿ ಕುಳಿತೆವು. ಸಣ್ಣವನು ಚಿನ್ಮಯ್ ನನ್ನ ಹೆಗಲ ಮೇಲೆ ನಿದ್ದೆ. ಧ್ವನಿವರ್ಧಕ ಗುರ್ರೆಂದಿತು. ಅನನ್ಯಳ ಕೈಗಳು ಕಿವಿಗೆ ಹೋದವು.

"ಅಪ್ಪಾ, ಪೋಕಾಂ! ವೀಟಿಲ್ ಪೋಕಾಂ!" ಮನೆಗೆ ಹೋಗೋಣವೆಂದು ಶಾಲೆಯ ಮಲಯಾಳದಲ್ಲೇ ಹಟ ಹಿಡಿದಳು.

"ಎಂತ ಹೆದರಿಕೆ ಮಗೂ? ಅದು ಬರೀ ಪೆಟ್ಟಿಗೆ" ಎಂದರು ಮಾವ. ಅವಳು ಕೇಳಲಿಲ್ಲ. ಕಣ್ಣು ತುಂಬಿತ್ತು. ಅಲ್ಲಿ ಗೋಲ್‌ಪೋಸ್ಟಿನ ಕೆಳಗೆ ನಿಂತ ತನುಶ್ರೀ ನಮ್ಮ ಕಡೆಗೇ ನೋಡುತ್ತಿದ್ದಳು.

ಚಿನ್ಮಯನನ್ನು ಮಾವನ ತೊಡೆಗೆ ದಾಟಿಸಿ ಮೈಕಿನವನ ಬಳಿಗೆ ಓಡಿದೆ. ಆತ ನನ್ನ ಸಹೋದ್ಯೋಗಿ ಇಬ್ರಾಹಿಂ, ಮಂಗಳೂರಿನವನು.

"ಸ್ವಲ್ಪ ಸೌಂಡು ಕಮ್ಮಿ ಮಾಡೋ."

"ಕಮ್ಮಿ ಮಾಡಿದ್ರೆ ಆ ಕಡೆಯವ್ರು ಬೈತಾರೆ ಮಾರಾಯ. ನಂಗೆ ಗಂಟಲೂ ಹೋಗಿದೆ. ನೀನೇ ಹೇಳು" ಎಂದು ಮೈಕ್ ಕೈಗಿತ್ತ.

ಮೈಕ್ ಕೈಗೆ ಬಂದರೆ ನನಗೆ ನನ್ನ ದನಿ ಮರೆತುಹೋಗುತ್ತದೆ. ಮೂಗಿನಿಂದ ಹೊರಟು ಕೊನೆಯಲ್ಲಿ ಏರುವ ಮಾವನ ದನಿಯಲ್ಲೇ ಶುರುಮಾಡಿದೆ.

"ಕೇಸು ನಂಬರ್ ಹನ್ನೊಂದು! ವಾದಿ ತನುಶ್ರೀ ಮತ್ತು ಹತ್ತು ಜನ! ಸಾಕ್ಷಿ ಉದಯಶಂಕರ! ಉದಯಶಂಕರ—"

ಮೂರನೇ ಕೂಗಿಗೂ ಬಾರದಿದ್ದರೆ ಏನಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೊಮ್ಮಗನನ್ನು ಎದೆಗೊತ್ತಿಕೊಂಡು ಸಟಕ್ಕನೆ ಎದ್ದು, ಕೈಯೆತ್ತಿ, ಇಡೀ ಗ್ಯಾಲರಿಗೆ ಕೇಳುವಂತೆ ಕೂಗಿದರು:

"ಹಾಜರಿದ್ದೇನೆ!"

ಅನನ್ಯ ಕಿವಿಯಿಂದ ಕೈ ತೆಗೆದಳು. ಎದ್ದು ನಿಂತ ಅಜ್ಜನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು.

"ಅಜ್ಜ ಪೆಟ್ಟೀಡೆ ಉಳ್ಳಿಲಾ!" ಪೆಟ್ಟಿಗೆಯೊಳಗೂ ಅಜ್ಜ! ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುತ್ತಲಿನವರೂ ನಕ್ಕರು.

ಮಾವ ನಗಲಿಲ್ಲ. ಕುಳಿತು, ಅಂಗಿಯ ಮಡಿಕೆ ಸರಿಮಾಡಿಕೊಂಡರು. ಮೈಕನ್ನು ಇಬ್ರಾಹಿಂಗೆ ಮರಳಿಸಿ ನಾನು ಬಂದು ಪಕ್ಕದಲ್ಲಿ ಕೂತರೂ ಮುಖ ತಿರುಗಿಸಲಿಲ್ಲ. ಮೊದಲರ್ಧ ಮುಗಿಯುವವರೆಗೂ ನನ್ನ ಬೆವರು ಆರಲಿಲ್ಲ. ಆದರೆ ಮೈಕ್ ಗುರ್ರೆಂದಾಗಲೆಲ್ಲ ಅನನ್ಯ "ಇನ್ನೊಮ್ಮೆ ಅಜ್ಜ, ಇನ್ನೊಮ್ಮೆ!" ಎಂದು ಕನ್ನಡದಲ್ಲೇ ಪೀಡಿಸುತ್ತಿದ್ದಳು. ಪುಣ್ಯಾತ್ಮ, ಸಿಟ್ಟಿನ ನಡುವೆಯೂ ಅವಳ ಕಿವಿಯಲ್ಲಿ ಪ್ರತಿ ಸಲವೂ ಮೆಲ್ಲಗೆ ಒಂದೊಂದು ಕೇಸು ಕೂಗಿದರು. ಅವರ ಕಾಲಿಗೆ ಅಲ್ಲೇ ಬೀಳೋಣವೆನ್ನಿಸಿತು ನನಗೆ.

ಕೊನೆಯ ನಿಮಿಷದಲ್ಲಿ ತನುಶ್ರೀ ಎಡಕ್ಕೆ ಹಾರಿ, ಬೆರಳ ತುದಿಯಲ್ಲಿ ಚೆಂಡನ್ನು ಆಚೆ ತಳ್ಳಿದಳು. ಅನನ್ಯ ಬೆಂಚಿನ ಮೇಲೆ ಹತ್ತಿ "ಅಮ್ಮಾ!" ಎಂದು ಕಿರುಚಿದಳು. ಮಣ್ಣಿನಲ್ಲಿ ಬಿದ್ದಿದ್ದವಳು ತಲೆಯೆತ್ತಿ ನಮ್ಮನ್ನು ಹುಡುಕಿದಳು. ಅಷ್ಟರಲ್ಲಿ ಎದುರಿನವರು ಕಾರ್ನರ್‌ನಿಂದ ಗೋಲು ಹೊಡೆದು ಗೆದ್ದುಬಿಟ್ಟರು. ಅದನ್ನು ನಮ್ಮ ಮನೆಯವರ್ಯಾರೂ ಸರಿಯಾಗಿ ನೋಡಲಿಲ್ಲ.

ತನುಶ್ರೀ ಓಡಿ ಬಂದು ಮಗಳನ್ನು ಮಣ್ಣಿನ ಸಮೇತ ಅಪ್ಪಿಕೊಂಡಳು. "ಕೂತ್ಳಲ್ಲ! ಕೊನೇವರೆಗೆ ಕೂತ್ಳಲ್ಲ! ಹ್ಯಾಗೆ ಅಪ್ಪ?" ಎಂದು ಮಾವನವರನ್ನು ಕೇಳಿದಳು.

ನಾನು ತಲೆ ತಗ್ಗಿಸಿದೆ. ಮಾವ ಚಿನ್ಮಯನನ್ನು ನನ್ನ ಕೈಗೆ ಕೊಟ್ಟು ಎದ್ದು ನಿಂತರು. ನನ್ನಂತೆ ಕುತ್ತಿಗೆ ಓರೆಮಾಡಿ, ಅಂಗೈಯನ್ನೇ ಮೈಕ್ ಮಾಡಿಕೊಂಡು, ನಾನು ಅವರನ್ನು ಅಣಕಿಸಿದ್ದನ್ನು ಅಣಕಿಸಿದರು. ಆಮೇಲೆ ತಾವು ಎದ್ದದ್ದನ್ನೂ ಕೈಯೆತ್ತಿದ್ದನ್ನೂ ಆಡಿ ತೋರಿಸಿದರು.

"ಎರಡನೇ ಕೂಗಿಗೇ ಎದ್ದೆ, ಗೊತ್ತುಂಟಾ? ಇಲ್ಲದಿದ್ರೆ ನಿನ್ನ ಕೇಸು ವಜಾ!"

ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ತಡೆಯಲಾಗಲಿಲ್ಲ. ನನ್ನ ಹೆಗಲು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ, ನಮ್ಮೆಲ್ಲರ ನಗು ಮುಳುಗಿಹೋಗುವಷ್ಟು ಜೋರಾಗಿ ನಕ್ಕರು.