ಶಿಗ್ಗಾವಿಯ ಗೋಡೆಯ ಮೇಲಿನ ಸಮುದ್ರ

ಕರಿಬಸಪ್ಪನಿಗೆ ಬೇಕಾಗಿದ್ದವರು ಸವಣೂರಿನ ಹಯಾತ ಸಾಹೇಬರು. ಬಂದವನು ದುಂಡಸಿಯ ಗುದ್ಲೆಪ್ಪ.

ಇದು ೧೯೫೮ರ ಮಾತು. ಶಿಗ್ಗಾವಿಯಲ್ಲಿ ಮೋಟಾರುಗಳು ನಿಲ್ಲುವ ಕಡೆ ಕರಿಬಸಪ್ಪನದೊಂದು ಚಹಾದಂಗಡಿ ಇತ್ತು. ಆ ವರ್ಷ ಅವನು ತಗಡು ಕಿತ್ತು ಹಂಚು ಹೊದಿಸಿ, ನೆಲಕ್ಕೆ ಕಲ್ಲು ಹಾಸಿ, ಅದನ್ನು ದೊಡ್ಡ ಹೋಟೆಲು ಮಾಡಿದ. ಹುಬ್ಬಳ್ಳಿಗೆ ಹೋದಾಗ ಅಲ್ಲಿಯ ಯಾವುದೋ ಹೋಟೆಲಿನ ಗೋಡೆಯ ಮೇಲೆ ಚಿತ್ರ ನೋಡಿ ಬಂದಿದ್ದ. ಅಂದಿನಿಂದ ಅವನಿಗೆ ತನ್ನ ಸುಣ್ಣದ ಗೋಡೆಗಳು ಬೋಳು ಹಣೆಯ ಹಾಗೆ ಕಾಣತೊಡಗಿದವು. "ಮೂರು ಗ್ವಾಡಿಗೆ ಮೂರು ಕಾಲ ಬರೀಬೇಕು, ಮಳಿಗಾಲ, ಚಳಿಗಾಲ, ಬ್ಯಾಸಿಗಿ. ಬಾಗಲದ ಎದುರಿಂದಕ್ಕ ಸಮುದ್ರ. ನಡಬರಕ ಒಂದು ಹಡಗು, ಅದರ ಮ್ಯಾಲ ಹಾರೋ ನಿಶಾನಿ," ಎಂದು ಸವಣೂರಿಗೆ ಹೇಳಿ ಕಳಿಸಿದ.

ಹಯಾತ ಸಾಹೇಬರು ಸವಣೂರಿನಲ್ಲಿ ನಲವತ್ತು ವರ್ಷ ಅಂಗಡಿಯ ಹಲಗೆ, ಟಾಂಗಾದ ಬೆನ್ನು, ನಾಟಕದ ಪರದೆ ಬರೆದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದರು. ಹನ್ನೆರಡು ವರ್ಷ ತಮ್ಮ ಕೈಯಲ್ಲಿ ಪಳಗಿದ ಗುದ್ಲೆಪ್ಪನನ್ನು ಒಂದು ಚೀಟಿ ಬರೆಸಿ ಕೊಟ್ಟು ಕಳಿಸಿದರು. ಚೀಟಿಯಲ್ಲಿದ್ದದ್ದು ಎರಡೇ ಸಾಲು: "ನನ್ನ ಕಣ್ಣು ಹ್ವಾದವು. ನನ್ನ ಕೈ ಇವನ ಹತ್ತಿರ ಅದಾವ."

ಕರಿಬಸಪ್ಪ ಚೀಟಿ ಓದಿ ಕೇಳಿದ, "ಯಾರ ಪೈಕಿ ನೀನು?"

"ಹರಿಜನ ಕೇರಿಯಾಂವರಿ."

ಕರಿಬಸಪ್ಪ ಬೋಳು ಗೋಡೆಗಳ ಕಡೆ ನೋಡಿದ. ಬಸವ ಜಯಂತಿಗೆ ಹೋಟೆಲು ತೆರೆಯಬೇಕು, ನಡುವೆ ಉಳಿದದ್ದು ಒಂದೂವರೆ ತಿಂಗಳು. ಕೊನೆಗೆ ತನಗೇ ಸಮಾಧಾನ ಹೇಳಿಕೊಳ್ಳುವವನಂತೆ, "ಬಣ್ಣಕ್ಕೇನು ಮೈಲಿಗಿ ಇಲ್ಲ ಬಿಡು. ಹಿತ್ತಲ ಬಾಗಲದಿಂದ ಬಾ," ಎಂದ.

ಗುದ್ಲೆಪ್ಪ ಹಿತ್ತಲ ಬಾಗಿಲಿನಿಂದಲೇ ಬಂದ. ಪುಡಿ ಬಣ್ಣ ಅರೆದು ಅಂಟಿನಲ್ಲಿ ಕಲಸಿ, ಎರಡು ಪೀಪಾಯಿಯ ಮೇಲೆ ಹಲಗೆ ಹಾಕಿಕೊಂಡು ಕೆಲಸ ಹಿಡಿದ. ಮಳೆಗಾಲದ ಗೋಡೆಗೆ ಹಾನಗಲ್ಲ ಕಡೆಯ ಭತ್ತದ ಗದ್ದೆ ಬಂತು, ಗದ್ದೆಯ ತುಂಬ ಒಂಟಿ ಕಾಲಿನ ಬೆಳ್ಳಕ್ಕಿ. ಚಳಿಗಾಲಕ್ಕೆ ತೆನೆ ಬಿಟ್ಟ ಬಿಳಿಜೋಳ, ಮೇಲೆ ಎರಗಿದ ಗೀಜಗನ ಹಿಂಡು, ಅಟ್ಟದ ಮೇಲೆ ಕವಣೆ ಬೀಸುತ್ತ ನಿಂತ ಹೆಂಗಸು. ಬೇಸಿಗೆಗೆ ತಳ ಬಿರಿದ ಕೆರೆ, ಒಂದು ಎಲೆಯೂ ಇಲ್ಲದೆ ಕೆಂಪಗೆ ಹೂ ಬಿಟ್ಟ ಮುತ್ತಲ ಗಿಡ, ಅದರ ತುದಿಯಲ್ಲಿ ಒಂದು ಕಾಜಾಣ. ಅಡಿಗೆಯವರು ಒಲೆ ಬಿಟ್ಟು ಬಂದು ನೋಡಿ ಹೋಗುತ್ತಿದ್ದರು.

ಸಮುದ್ರವನ್ನು ಅವನು ನೋಡಿದ್ದು ಒಂದೇ ಸಲ. ಉಪ್ಪು ತರುವ ಲಾರಿಯ ಜೊತೆ ಹಮಾಲಿಗೆಂದು ಕುಮಟೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ದಂಡೆಯ ಮೇಲೆ ನಿಂತಿದ್ದ. ಊರಿನ ಬಾವಿಯ ಹತ್ತಿರ, ಕೆರೆಯ ಮೆಟ್ಟಿಲ ಹತ್ತಿರ, ಎಲ್ಲಿ ಹೋದರೂ ಯಾರಾದರೂ "ದೂರ ನಿಲ್ಲು" ಅನ್ನುತ್ತಿದ್ದರು. ಅಲ್ಲಿ ಯಾರೂ ಅನ್ನಲಿಲ್ಲ. ನೀರು ತಾನಾಗಿ ಬಂದು ಮೊಣಕಾಲು ತೋಯಿಸಿ ಹೋಯಿತು. ಬಣ್ಣ ಕಲಸುವಾಗ ಅವನಿಗೆ ಅದೇ ನೆನಪು. ಆ ನೀಲಿಯನ್ನು ಅವನು ಮೂರು ಸಲ ಅಳಿಸಿ ನಾಲ್ಕನೆಯ ಸಲ ಹಚ್ಚಿದ.

ಅವನಿಗೆ ಚಹಾ ಮಾತ್ರ ಹಿತ್ತಲಲ್ಲಿ. ಅಲ್ಲಿ ಗೋಡೆಯ ಗೂಡಿನಲ್ಲಿ ಕೇರಿಯವರಿಗೆಂದು ಕಿವಿ ಮುರಿದ ಮೂರು ಕಪ್ಪುಗಳಿದ್ದವು. ಮೇಲಿನಿಂದ ಹೊಯ್ದದ್ದನ್ನು ಕುಡಿದು, ಕಪ್ಪು ತಾನೇ ತೊಳೆದಿಟ್ಟು ಮತ್ತೆ ಹಲಗೆ ಏರುತ್ತಿದ್ದ. ಹುಟ್ಟಿದಾಗಿನಿಂದ ಕಂಡದ್ದು ಅದೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಬಸವ ಜಯಂತಿಗೆ ಎರಡು ದಿನ ಇತ್ತು. ಹಡಗು ಒಂದೇ ಉಳಿದಿತ್ತು. ಗಿರಾಕಿ ಬೆಂಚಿನ ಮೇಲೆ ಕೂತಾಗ ಹಡಗು ಅವನ ಕಣ್ಣಿನ ಮಟ್ಟಕ್ಕೆ ಬರಬೇಕು, ಮೇಲೂ ಆಗಬಾರದು, ಕೆಳಗೂ ಆಗಬಾರದು. ನಿಂತು ನೋಡಿದರೆ ಅದು ತಿಳಿಯುವಂಥದ್ದಲ್ಲ. ಗುದ್ಲೆಪ್ಪ ಹೊಸ ಬೆಂಚಿನ ತುದಿಯಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಚಾಚಿ ಅಳೆಯುತ್ತಿದ್ದ. ಅಷ್ಟರಲ್ಲಿ ಕರಿಬಸಪ್ಪ ತನ್ನ ಬೀಗರನ್ನು ಕರೆದುಕೊಂಡು ಚಿತ್ರ ತೋರಿಸಲು ಒಳಗೆ ಬಂದ.

ಗುದ್ಲೆಪ್ಪ ಥಟ್ಟನೆ ಎದ್ದ. ಯಾರೂ ಅವನನ್ನು ಬೈಯಲಿಲ್ಲ. ಬೀಗರು ಗೋಡೆಗಳನ್ನು ನೋಡಿ ತಲೆದೂಗಿದರು. ಕರಿಬಸಪ್ಪ ಅವರೊಡನೆ ಮಾತಾಡುತ್ತಲೇ ಅಡಿಗೆಯವನ ಕಡೆ ತಿರುಗಿ, "ಆ ಬೆಂಚು ಹೊರಗ ಒಯ್ದು ಎರಡು ಕೊಡ ನೀರು ಹಾಕು," ಎಂದ. ದನ ಸಗಣಿ ಹಾಕಿದರೆ ಬಳಿಯಲು ಹೇಳುವಾಗ ಇರುತ್ತದಲ್ಲ, ಅದೇ ಧ್ವನಿ.

ಹಿತ್ತಲಲ್ಲಿ ಬೆಂಚಿನ ಮೇಲೆ ನೀರು ಸುರಿದ ಸಪ್ಪಳ ಒಳಗೆ ಕೇಳಿಸಿತು. ಗುದ್ಲೆಪ್ಪ ತನ್ನ ಕೈ ನೋಡಿಕೊಂಡ, ಮಣಿಕಟ್ಟಿನವರೆಗೆ ನೀಲಿ. ಇಷ್ಟು ದಿನ ಈ ಕೈಯನ್ನು ಒಳಗೆ ಬಿಟ್ಟುಕೊಂಡವರು ಈಗ ತೊಳೆಯುತ್ತಿರುವುದೇನು ಎಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕೇಳಿಯೇ ಬಿಟ್ಟ.

"ಸಾವ್ಕಾರ್ರ, ಬೆಂಚು ತೊಳಿಸಿದ್ರಿ. ಗ್ವಾಡಿ ಯಾವಾಗ ತೊಳಿಸ್ತೀರಿ?"

"ಏನಂದಿ?"

"ಬೆಂಚಿಗೆ ಬರೇ ನನ್ನ ಧೋತರ ಹತ್ತೇತ್ರಿ. ಗ್ವಾಡಿಗೆ ನಾಕೂ ಕಡೆ ನನ್ನ ಕೈ ಹತ್ತೇತಿ. ಆ ಮೋಡ ಹೆಬ್ಬಟ್ಟಿಲೆ ತೀಡೇನಿ. ಹಕ್ಕಿ ಕಣ್ಣು ಬರಿಯೋ ಮುಂದ ಕುಂಚ ಬಾಯಾಗ ಇಟ್ಟು ಚೂಪ ಮಾಡೇನಿ. ಅಷ್ಟೂ ಹಕ್ಕಿ ಕಣ್ಣಾಗ ನನ್ನ ಎಂಜಲ ಐತ್ರಿ."

ಬೀಗರು ಒಬ್ಬರ ಮುಖ ಒಬ್ಬರು ನೋಡಿದರು. ಕರಿಬಸಪ್ಪನ ಮುಖ ಕಪ್ಪಿಟ್ಟಿತು. "ಬಾಯಿ ಬಿಗಿ ಹಿಡಿ ಮಗನ. ಹಡಗು ಬರದು ನಿನ್ನ ದಾರಿ ಹಿಡಿ."

"ಬರೀತೇನ್ರಿ. ಆ ಬೆಂಚಿನ ಮ್ಯಾಲ ಕುಂತು, ಕಿವಿ ಇದ್ದ ಕಪ್ಪಿನಾಗ ಚಾ ಕುಡದು ಬರೀತೇನಿ. ಮಂದಿ ತುಂಬಿದ್ದಾಗ."

ಇಷ್ಟು ಹೇಳಿ ಅವನು ಕುಂಚಗಳನ್ನು ಅರಿವೆಯಲ್ಲಿ ಸುತ್ತಿಕೊಂಡ. ಮುಂಬಾಗಿಲಿನಿಂದ ಹೊರಗೆ ಹೋದ.

ಬಸವ ಜಯಂತಿಯ ದಿನ ಹೋಟೆಲು ತೆರೆಯಿತು. ದೊಡ್ಡ ದೊಡ್ಡವರು ಬಂದರು. ಬಂದವರೆಲ್ಲ ಸಮುದ್ರ ನೋಡಿದರು. ಸಮುದ್ರದ ನಟ್ಟನಡುವೆ ಬಾಗಿಲ ಅಗಲದ ಬಿಳಿ ಸುಣ್ಣ ಬೋಳಾಗಿ ಕಾಣುತ್ತಿತ್ತು. "ಇದ್ಯಾಕ ಹಿಂಗ ಬಿಟ್ಟೀರಿ?" ಎಂದು ಕೇಳಿದರು. ಕರಿಬಸಪ್ಪ ಏನೋ ಹೇಳಿ ಜಾರಿಸಿದ. ಆದರೆ ಅಡಿಗೆಯವರ ಬಾಯಿಗೆ ಬೀಗ ಹಾಕುವವರು ಯಾರು? ವಾರದೊಳಗೆ ಸುದ್ದಿ ಮೋಟಾರು ಹತ್ತಿ ತಡಸಕ್ಕೂ ಬಂಕಾಪುರಕ್ಕೂ ಹೋಯಿತು. ಇಳಿದ ಪ್ರಯಾಣಿಕರು ಒಳಗೆ ಬಂದು ಚಹಾ ಹೇಳುವ ಮೊದಲು, "ಆ ಬೋಳು ಗ್ವಾಡಿ ಎಲ್ಲೈತಿ?" ಎನ್ನತೊಡಗಿದರು.

ಕರಿಬಸಪ್ಪ ಬಿಳಿಯ ಮೇಲೆ ಕ್ಯಾಲೆಂಡರು ತೂಗುಹಾಕಿದ, ಅದು ಅರ್ಧಕ್ಕೂ ಸಾಲಲಿಲ್ಲ. ಹುಬ್ಬಳ್ಳಿಯಿಂದ ಒಬ್ಬ ಪೇಂಟರನನ್ನು ಕರೆಸಿದ. ಅವನು ಬರೆದ ಹಡಗು ದನಕ್ಕೆ ನೀರಿಡುವ ಬಾನಿಯ ಹಾಗೆ ಬಂತು. ಗಿರಾಕಿಗಳು ನಕ್ಕಿದ್ದಕ್ಕೆ ಅದನ್ನು ಕೆರೆಸಿ ಮತ್ತೆ ಸುಣ್ಣ ಹೊಡೆಸಿದ. ಹಯಾತ ಸಾಹೇಬರ ಕಡೆ ಹೋಗಿ ದೂರು ಹೇಳಿದರೆ ಅವರು, "ಸಾವ್ಕಾರ್ರ, ನನಗ ಕಣ್ಣು ಕಾಣೂದಿಲ್ಲ, ಖರೆ. ಕಿವಿ ಛಲೋ ಅದಾವ. ಎಲ್ಲಾ ಕೇಳೇನಿ," ಎಂದರು.

ಗುದ್ಲೆಪ್ಪನಿಗೆ ಮಾತ್ರ ಅವರು ಬೇರೆ ಬುದ್ಧಿ ಹೇಳಿದರು. "ಅಸ್ಪೃಶ್ಯತಾ ಕಾಯ್ದೆ ಬಂದು ಮೂರು ವರ್ಷ ಆತು ಬೇಟಾ. ಠಾಣೇಕ ಹೋಗಿ ಫೌಜದಾರಗ ಹೇಳು."

"ಫೌಜದಾರನೂ ಅಲ್ಲೇ ಚಾ ಕುಡೀತಾನ್ರಿ," ಎಂದ ಗುದ್ಲೆಪ್ಪ.

ದುಂಡಸಿಯಲ್ಲಿ ಬೇರೆಯೇ ಬಿಸಿ ಹತ್ತಿತ್ತು. ಕರಿಬಸಪ್ಪನ ಬೀಗರ ಹೊಲಗಳು ಇದ್ದದ್ದು ಅಲ್ಲಿಯೇ. ಕೇರಿಯ ಹಿರಿಯ ಗುಡ್ಡಪ್ಪ, ವರಸೆಯಲ್ಲಿ ಗುದ್ಲೆಪ್ಪನಿಗೆ ಕಾಕಾ, ಒಂದು ಸಂಜೆ ಬಂದು ಬಾಗಿಲಲ್ಲಿ ಕೂತ. "ಬಿತ್ತಗಿಗೆ ನಮ್ಮನ್ನ ಕರಿಯಾಕ ಬ್ಯಾಡ ಅಂತ ಮಾತು ನಡದೈತಿ. ಒಂದು ಕಪ್ಪು ಚಾದ ಸಲುವಾಗಿ ಇಡೀ ಕೇರಿ ಉಪವಾಸ ಬೀಳಬೇಕನು? ಹೋಗಿ ಆ ಹಡಗು ಬರದು ಬಾರೋ ತಮ್ಮಾ."

ಗುಡ್ಡಪ್ಪ ಸುಳ್ಳು ಹೇಳುತ್ತಿರಲಿಲ್ಲ. ಅವನ ಮನೆಯಲ್ಲಿ ಎಂಟು ಬಾಯಿ ಇದ್ದವು. ನಾಳೆ ಹೋಗಿ ಬರೆದು ಬಂದುಬಿಡಲೇ ಎಂದು ಗುದ್ಲೆಪ್ಪನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು.

ಒಳಗಿನಿಂದ ಹೆಂಡತಿ ಕರೆವ್ವ ಹೊರಗೆ ಬಂದಳು. ಅಷ್ಟು ದಿನ ಆಕೆ ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ. "ಮಾವಾ, ಬಿತ್ತಗಿ ಇಲ್ಲಂದ್ರ ಸಡಕಿನ ಕೆಲಸ ಐತಿ. ತಡಸದ ಕಡೆ ಕಲ್ಲು ಒಡಿಯಾಕ ಆಳು ಬೇಕಂತ, ನಾ ಕೇಳಿ ಬಂದೇನಿ. ನಾಳಿಂದ ನಾನೂ ಹೋಗ್ತೇನಿ, ನಿಮ್ಮ ಮನಿ ಹೆಣ್ಮಕ್ಕಳನ್ನೂ ಕರಕೊಂಡು ಹೋಗ್ತೇನಿ." ಆಮೇಲೆ ಗಂಡನ ಕಡೆ ತಿರುಗಿದಳು. "ನೀ ಈಗ ಹೋಗಿ ಅದನ್ನ ತುಂಬಿದ್ರ, ನಿನ್ನ ಕೈಲೆ ನಾ ನೀರ ಇಸಗೊಳ್ಳಂಗಿಲ್ಲ."

ಗುಡ್ಡಪ್ಪ ಕೋಲು ಊರಿ ಎದ್ದು ತನ್ನ ಮನೆಯ ಕಡೆ ನಡೆದ.

ಮೊದಲ ಮಳೆ ಬಿದ್ದ ವಾರ ಕರಿಬಸಪ್ಪ ತಾನೇ ದುಂಡಸಿಗೆ ಬಂದ. ಕೇರಿಯ ತುದಿಯಲ್ಲಿ ಕೆಸರಿನಲ್ಲಿ ಛತ್ರಿ ಹಿಡಿದು ನಿಂತು ಕೂಗಿದ. ಎರಡು ತಿಂಗಳಲ್ಲಿ ಅವನ ಕಣ್ಣ ಕೆಳಗೆ ಕಪ್ಪು ಬಂದಿತ್ತು. "ಆತು ಮಾರಾಯಾ, ನೀ ಗೆದ್ದಿ. ಆ ಬೋಳು ಗ್ವಾಡಿ ಕೇಳವರಿಗೆ ಹೇಳಿ ಹೇಳಿ ಸಾಕಾಗೇತಿ. ಬಂದು ಬೆಂಚಿನ ಮ್ಯಾಲ ಕುಂತು ಕುಡಿ. ಆದ್ರ ಮುಂಜಾನೆ ಬೆಳಕು ಹರಿಯೋದ್ರಾಗ ಬಾ. ಮಂದಿ ಬರೋ ಮೊದಲ."

"ಸಂತೀ ದಿನ ಬರ್ತೇನ್ರಿ," ಎಂದ ಗುದ್ಲೆಪ್ಪ. "ಮಟಮಟ ಮಧ್ಯಾಹ್ನಕ್ಕ."

"ನನ್ನ ಹೋಟೆಲ ಮುಳುಗಿಸ್ತೀಯೇನು?"

"ಮುಳುಗಿಸೋದಿದ್ರ ನಾ ಸುಮ್ನ ಇಲ್ಲೇ ಕುಂದ್ರತಿದ್ದೆ. ನೀವ ಬಂದೀರಿ."

ಸಂತೆಯ ದಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುದ್ಲೆಪ್ಪ ಒಗೆದ ಅಂಗಿ ಹಾಕಿಕೊಂಡು, ಕರೆವ್ವನನ್ನು ಕರೆದುಕೊಂಡು ಮುಂಬಾಗಿಲಿನಿಂದ ಒಳಗೆ ಬಂದ. ಹಿಂದೆ, ಯಾರೂ ಕರೆಯದಿದ್ದರೂ, ಗುಡ್ಡಪ್ಪ ಕೋಲು ಊರುತ್ತ ಬಂದಿದ್ದ. ಮೂವರೂ ಸಮುದ್ರದ ಎದುರಿನ ಬೆಂಚಿನ ಮೇಲೆ ಕೂತರು. ಪಕ್ಕದ ಬೆಂಚಿನಿಂದ ನಾಲ್ಕು ಮಂದಿ ಎದ್ದು ಹೋದರು. ಒಬ್ಬ ಹೊಸ್ತಿಲ ಮೇಲೆ ಉಗುಳಿದ. ಇನ್ನೂ ಆರು ಮಂದಿ ಬಾಗಿಲವರೆಗೆ ಹೋಗಿ, ಏನಾಗುವುದೋ ನೋಡೋಣವೆಂದು ಅಲ್ಲೇ ನಿಂತರು. ಮೂಲೆಯಲ್ಲಿ ಸವಣೂರಿನ ವೀಳ್ಯದೆಲೆ ವ್ಯಾಪಾರದ ಮುದುಕನೊಬ್ಬ ಮಾತ್ರ ತನ್ನ ಪಾಡಿಗೆ ಖಾರದ ಚುರುಮುರಿ ತಿನ್ನುತ್ತಲೇ ಇದ್ದ.

ಅಡಿಗೆಯವನು ಹತ್ತಿರ ಬರಲು ಅಂಜಿದ. ಕರಿಬಸಪ್ಪ ತಾನೇ ಮೂರು ಕಪ್ಪು ಹಿಡಿದು ಬಂದ. ಅರ್ಧ ಚಹಾ ಬಸಿಗೆ ಚೆಲ್ಲಿತ್ತು. ಕಪ್ಪನ್ನು ಮೇಜಿನ ಮೇಲೆ ಇಟ್ಟ. ಗುದ್ಲೆಪ್ಪ ಕಪ್ಪಿನ ಕಿವಿಗೆ ಬೆರಳು ಹಾಕಿ ಎತ್ತಿದ. ಅವಸರ ಮಾಡಲಿಲ್ಲ. ಚಹಾ ತಣ್ಣಗಾಗಿತ್ತು, ಸಕ್ಕರೆ ಹೆಚ್ಚಾಗಿತ್ತು. ಬಸಿಯಲ್ಲಿದ್ದದ್ದನ್ನೂ ಕುಡಿದ. ಗುಡ್ಡಪ್ಪ ಮೊದಲ ಗುಟುಕಿಗೇ ಕೆಮ್ಮಿದ. ಕಣ್ಣಲ್ಲಿ ನೀರು ಬಂತು, ಕೆಮ್ಮಿಗೋ ಬೇರೆಯದಕ್ಕೋ ಯಾರಿಗೂ ಗೊತ್ತಾಗಲಿಲ್ಲ. ಕರೆವ್ವ ಕುಡಿದು ಮುಗಿಸಿ, ಎದ್ದು ಹಿತ್ತಲಿಗೆ ಹೋಗಿ, ಗೂಡಿನಲ್ಲಿದ್ದ ಮೂರು ಕಪ್ಪುಗಳನ್ನು ಒಂದೊಂದಾಗಿ ಕಲ್ಲಿಗೆ ಹೊಡೆದು ಬಂದಳು. ಆ ಸಪ್ಪಳಕ್ಕೆ ಕರಿಬಸಪ್ಪ ಕಣ್ಣು ಮುಚ್ಚಿಕೊಂಡ, ತಡೆಯಲಿಲ್ಲ.

ಅಂದೇ ಗುದ್ಲೆಪ್ಪ ಹಲಗೆ ಏರಿದ. ಅವನು ಹಡಗು ಬರೆಯಲಿಲ್ಲ. ಬಿಳಿಯ ತುಂಬ ಕಡಲಹಕ್ಕಿಗಳನ್ನು ಬರೆದ, ಗಾಳಿಗೆ ಎದುರಾಗಿ ರೆಕ್ಕೆ ಬಿಚ್ಚಿದ ಹಿಂಡು. "ನಿಶಾನಿ ಹಚ್ಚಿದ ಹಡಗು ಹೇಳಿದ್ದೆ," ಎಂದ ಕರಿಬಸಪ್ಪ ಸೋತ ಧ್ವನಿಯಲ್ಲಿ. "ಹಡಗು ಬರಿಯಾಕ ಆವಾಗ ಮನಸಿತ್ರಿ. ಈಗ ಇಲ್ಲ," ಎಂದು ಗುದ್ಲೆಪ್ಪ ಕೆಳಮೂಲೆಯಲ್ಲಿ ಗೇಣುದ್ದದ ಅಕ್ಷರಗಳಲ್ಲಿ ಬರೆದ: ಗುದ್ಲೆಪ್ಪ, ಹರಿಜನ ಕೇರಿ, ದುಂಡಸಿ.

"ಕೇರಿ ಹೆಸರು ಯಾಕೋ?"

"ಯಾರ ಪೈಕಿ ಅಂತ ಕೇಳಿದವರಿಗೆಲ್ಲಾ ನೀವು ಹೇಳೋ ತ್ರಾಸ ತಪ್ಪತೈತ್ರಿ."

ಎಲ್ಲವೂ ಸುಖವಾಗಿ ಮುಗಿಯಲಿಲ್ಲ. ಆ ವರ್ಷ ದುಂಡಸಿಯ ದೊಡ್ಡ ಹೊಲಗಳಿಗೆ ಕೇರಿಯವರನ್ನು ಯಾರೂ ಕರೆಯಲಿಲ್ಲ. ಕರೆವ್ವ ಮತ್ತು ಹನ್ನೆರಡು ಹೆಂಗಸರು ದೀಪಾವಳಿಯವರೆಗೆ ತಡಸದ ರಸ್ತೆಯಲ್ಲಿ ಕಲ್ಲು ಒಡೆದರು. ಕರಿಬಸಪ್ಪನ ಕೆಲವು ಗಿರಾಕಿಗಳು ಎದುರಿನ ಅಂಗಡಿ ಹಿಡಿದರು, ಕೆಲವರು ಚಳಿ ಬಿದ್ದ ಮೇಲೆ ತಿರುಗಿ ಬಂದರು. ಕೇರಿಯವರು ಸಂತೆಗೆ ಬಂದಾಗ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ಮೊದಮೊದಲು ತುದಿಯಲ್ಲಿ, ಆಮೇಲೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ.

ಗುದ್ಲೆಪ್ಪನಿಗೆ ಹಿರೇಕೆರೂರಿನಿಂದ, ಸವಣೂರಿನಿಂದ ಕೆಲಸಗಳು ಬಂದವು. ಮೂರು ವರ್ಷದ ಮೇಲೆ ಹಾನಗಲ್ಲಿನ ಪರಮೇಶಪ್ಪನೆಂಬ ದೊಡ್ಡ ಜಮೀನುದಾರ ತನ್ನ ಪಡಸಾಲೆಗೆ ಹಕ್ಕಿ ಬರೆಯಲು ಕರೆಸಿದ. ಗುದ್ಲೆಪ್ಪ ಅಂಗಳದಲ್ಲಿ ಬಣ್ಣದ ಗಂಟು ಇಳಿಸಿ, ಬಿಚ್ಚುವ ಮೊದಲು ಕೇಳಿದ, "ಯಜಮಾನ್ರ, ಚಾ ಎಲ್ಲಿ ಕುಂತು ಕುಡೀಲಿ?"

ಪರಮೇಶಪ್ಪ ದನದ ಕೊಟ್ಟಿಗೆಯ ಕಡೆ ನೋಡಿದ.

"ಆತು, ಬರ್ತೇನ್ರಿ," ಎಂದು ಗುದ್ಲೆಪ್ಪ ಗಂಟು ಹೆಗಲಿಗೇರಿಸಿದ.

ತಿರುಗಿ ಹೋಗುವ ಮೋಟಾರಿಗೆ ಇನ್ನೂ ಎರಡು ತಾಸು ಇತ್ತು. ಅವನು ಕೆರೆಯ ಏರಿಯ ಮೇಲೆ ಹೋಗಿ ಕೂತ. ಚಳಿಗಾಲದ ನೀರಿನ ಮೇಲೆ ಎಲ್ಲಿಂದಲೋ ಬಂದ ಬಾತುಗಳ ಹಿಂಡು ಇಳಿದಿತ್ತು. ಅಂಥ ಕಂದು ಕೊರಳಿನ ಬಾತುಗಳನ್ನು ಅವನು ಹಿಂದೆ ನೋಡಿರಲಿಲ್ಲ. ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಹಾಸಿಕೊಂಡು ಬರೆಯತೊಡಗಿದ.