ಕರೆಂಟು ಹೋದ ಮೇಲಿನ ಗೋಲು

ಕೊಟ್ಟೂರಿನ ಪಂಚಾಕ್ಷರಪ್ಪನ ಹಿಟ್ಟಿನ ಗಿರಣಿಯಲ್ಲಿ ಜೋಳ, ಗೋದಿಯ ಜೊತೆ ಫುಟ್ಬಾಲೂ ನಡೆಯುತ್ತಿತ್ತು. ಅಳಿಯ ಮುಂಬಯಿಯಿಂದ ತಂದುಕೊಟ್ಟ ಕರೆಂಟಿನ ಆಟದ ಹಲಗೆ ಅದು: ತಗಡಿನ ಮೈದಾನ, ಬೆರಳುದ್ದದ ಪ್ಲಾಸ್ಟಿಕ್ ಆಟಗಾರರು. ಸ್ವಿಚ್ ಒತ್ತಿದರೆ ತಗಡು ನಡುಗಿ ಆಟಗಾರರು ತಾವೇ ಓಡಬೇಕು. ಇಲ್ಲಿನ ವೋಲ್ಟೇಜು ಕಂಡ ವಾರದಲ್ಲೇ ಅದರ ಪುಟ್ಟ ಮೋಟರು ಸುಟ್ಟು ಕರಕಲಾಯಿತು. ಪಂಚಾಕ್ಷರಪ್ಪ ಹಲಗೆಯನ್ನು ಗಿರಣಿಯ ಪಕ್ಕದ ಮೇಜಿಗೆ ಹಾಕಿದ. ಗಿರಣಿ ತಿರುಗಿದರೆ ನೆಲ ನಡುಗುತ್ತಿತ್ತು, ನೆಲದಿಂದ ಮೇಜು, ಮೇಜಿನಿಂದ ಮೈದಾನ. ಜೋಳ ಬೀಸಿದರೆ ಆಟಗಾರರು ನಡೆಯುತ್ತಿದ್ದರು, ಅಕ್ಕಿ ಬೀಸಿದರೆ ಓಡುತ್ತಿದ್ದರು. ಮೆಣಸಿನಕಾಯಿ ಬೀಸುವಾಗ ಮಾತ್ರ ಆಡುವವರೇ ಓಡುತ್ತಿದ್ದರು. ಚೆಂಡು ಎಂದೋ ಕಳೆದುಹೋಗಿತ್ತು. ಅದರ ಜಾಗದಲ್ಲಿ ಒಂದು ಒಣ ಬಟಾಣಿ.

ಎದುರಾಳಿ ಒಬ್ಬನೇ, ಪಕ್ಕದ ಓಣಿಯ ಟೈಲರ್ ಪಾಲಾಕ್ಷಪ್ಪ. ವರ್ಷಗಟ್ಟಲೆ ಆಡಿದ, ವರ್ಷಗಟ್ಟಲೆ ಸೋತ. ಪಂಚಾಕ್ಷರಪ್ಪ ಅದನ್ನು ತನ್ನ ಕೈಗುಣವೆಂದು ಬೀಸಲು ಬಂದವರಿಗೆಲ್ಲ ಹಿಟ್ಟಿನ ಜೊತೆ ಪುಕ್ಕಟೆಯಾಗಿ ಹಂಚುತ್ತಿದ್ದ. ಹೋದ ಬೇಸಿಗೆಯಲ್ಲಿ ಒಂದು ದಿನ ಬಟಾಣಿ ಪಂಚಾಕ್ಷರಪ್ಪನ ಗೋಲಿನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಆಟಗಾರರು ನಿಂತರು, ಬಟಾಣಿ ಮಾತ್ರ ನಿಧಾನವಾಗಿ ಉರುಳಿ ಒಳಗೆ ಬಿತ್ತು. ಪಾಲಾಕ್ಷಪ್ಪ ಗೋಲು ಎಂದ. ಕರೆಂಟು ಹೋದ ಮೇಲೆ ಆಟ ಎಲ್ಲಿಯದು ಎಂದ ಪಂಚಾಕ್ಷರಪ್ಪ.

"ನಡುಗದ ತಗಡಿನ ಮ್ಯಾಲೆ ಬಟಾಣಿ ಹೆಂಗ್ ಉಳ್ಳತೈತಿ? ನೀನ ಊದಿಯಲೇ."

"ಗುಡಿಯಾಗಿನ ಕೊಟ್ರಪ್ಪಜ್ಜ ಉಳ್ಳಿಸ್ಯಾನಪ. ಅವಂಗ ನಿನ್ನ ತ್ರೀಫೇಸ್ ಕರೆಂಟ್ ಬೇಕೇನ್?"

ಗೋಲು ಹೋಗಿ ಗೋಳಾಯಿತು. ಪಾಲಾಕ್ಷಪ್ಪ ಅರ್ಧ ಬೀಸಿದ ಜೋಳದ ಡಬ್ಬಿ ಎತ್ತಿಕೊಂಡು ಹೋದವನು ಬಸ್‌ಸ್ಟ್ಯಾಂಡಿನ ಹತ್ತಿರದ ಗಿರಣಿಗೆ ಗಿರಾಕಿಯಾದ.

ಅಂದಿನಿಂದ ಪಂಚಾಕ್ಷರಪ್ಪ ಒಬ್ಬನೇ ಆಡುತ್ತಿದ್ದ. ಒಬ್ಬನೇ ಆಡುವುದೆಂದರೆ ಇಬ್ಬರು ಆಡುವುದಕ್ಕಿಂತ ಹೆಚ್ಚಿನ ದಂದುಗ. ತನ್ನನ್ನು ತಾನು ಕಾಯಬೇಕು. ಹಾಗಾಗಿ ನಿಯಮಗಳು ಹುಟ್ಟಿದವು. ತನ್ನ ತಂಡವನ್ನು ತನ್ನ ಸ್ಟೂಲಿನಿಂದ, ಪಾಲಾಕ್ಷಪ್ಪನ ತಂಡವನ್ನು ಪಾಲಾಕ್ಷಪ್ಪನ ಸ್ಟೂಲಿನಿಂದಲೇ ನಿಲ್ಲಿಸಬೇಕು. ಈ ಸ್ಟೂಲಿನಲ್ಲಿ ಯೋಚಿಸಿದ್ದನ್ನು ಆ ಸ್ಟೂಲಿಗೆ ಹೋಗುವುದರೊಳಗೆ ಮರೆಯಬೇಕು. ಅಲ್ಲಿ ಕೂತಾಗ ಅವನಂತೆ ಅಡಿಕೆ ಜಗಿಯಬೇಕು, ಸೋತರೆ ಅವನಂತೆ ಪಂಚಾಕ್ಷರಪ್ಪನನ್ನು ಬೈಯಬೇಕು. ಬೈಗುಳ ತಿನ್ನಲು ಮತ್ತೆ ಈ ಕಡೆ ಬರಬೇಕು. ಮೊಣಕಾಲು ನೋಯುತ್ತಿತ್ತು. ಗೆದ್ದರೆ ತೋರಿಸಲು ಎದುರಿಗೆ ಮುಖವಿರಲಿಲ್ಲ.

ಊಟದ ಬುತ್ತಿ ತಂದ ಹೆಂಡತಿ ಕೊಟ್ರಬಸಮ್ಮ ಒಂದು ದಿನ ನಿಂತು ನೋಡಿದಳು.

"ಆ ಸ್ಟೂಲು ಈ ಸ್ಟೂಲು ಅಂತ ಯಾಕ್ ಅಡ್ಡಾಡ್ತೀರಿ? ಒಂದ್ರಾಗ ಕುಂತು ಸೋತುಬಿಡ್ರಿ."

ಆಕೆ ಹೋದ ಮೇಲೆ, ಪಾಲಾಕ್ಷಪ್ಪನ ಸ್ಟೂಲಿನಲ್ಲಿ ಕೂತಿದ್ದಾಗಲೇ ಕರೆಂಟು ಹೋಯಿತು. ಆಟಗಾರರು ನಿಂತರು. ಬಟಾಣಿ ಅಂದಿನ ಹಾಗೆಯೇ ಪಂಚಾಕ್ಷರಪ್ಪನ ಗೋಲಿನ ಕಡೆ ತಾನಾಗಿ ಉರುಳತೊಡಗಿತು. ಈ ಸಲ ಊದಲು ಯಾರೂ ಇರಲಿಲ್ಲ. ಅವನು ಸೊಂಟ ಹಿಡಿದುಕೊಂಡು ಬಗ್ಗಿ ಮೇಜಿನ ಕೆಳಗೆ ನೋಡಿದ. ಪಾಲಾಕ್ಷಪ್ಪನ ಕಡೆಯ ಎರಡೂ ಮೇಜುಗಾಲಿನ ಅಡಿಗೆ ಕೋಟಿನ ಒಂದೊಂದು ದಪ್ಪ ಗುಂಡಿ ಕೊಟ್ಟಿತ್ತು. ಮದುಮಕ್ಕಳ ಕೋಟು ಹೊಲಿಯುವವನು ಆ ಬಜಾರದಲ್ಲಿ ಒಬ್ಬನೇ.

ಮೊದಲು ಖುಷಿಯಾಯಿತು. ಕಳ್ಳ ಸಿಕ್ಕಿದ್ದ. ಗುಂಡಿಗಳನ್ನು ಒಯ್ದು ಅವನ ಮಶೀನಿನ ಮೇಲೆ ಬಡಿದು, ಹತ್ತು ಜನರ ಮುಂದೆ ಕೇಳಬೇಕು. ಆದರೆ ಹಲಗೆಯನ್ನು ಇನ್ನೊಮ್ಮೆ ನೋಡಿದಾಗ ಖುಷಿ ಇಳಿಯಿತು. ಇಳಿಜಾರಿನಲ್ಲಿ ಜಾರುವುದು ಬಟಾಣಿಯೊಂದೇ ಅಲ್ಲ. ನಡುಗಿ ನಡುಗಿ ಎರಡೂ ಕಡೆಯ ಆಟಗಾರರು ಅವನ ಗೋಲಿನ ಮುಂದೆ ಸಂತೆಯಂತೆ ಬಂದು ನಿಂತಿದ್ದರು. ಬಟಾಣಿ ನುಸುಳಲು ಸಂದಿಲ್ಲ. ಇಷ್ಟು ವರ್ಷ ಅವನ ಗೋಲು ಕಾಯ್ದದ್ದು ಕೈಗುಣವಲ್ಲ, ಪಾಲಾಕ್ಷಪ್ಪನ ಗುಂಡಿ. ಪಾಪ, ಮೋಸ ಮಾಡಿ ಸೋತಿದ್ದ.

ಈಗ ಬಾಯಿ ಬಿಟ್ಟರೆ ಜಗಳ ಗೆಲ್ಲಬಹುದು. ಆ ಸ್ಟೂಲು ಮಾತ್ರ ಇನ್ನೆಂದೂ ತುಂಬುವುದಿಲ್ಲ. ಮತ್ತೆ ತಾನೇ ಎದ್ದು ಹೋಗಿ ಅಡಿಕೆ ಜಗಿಯಬೇಕು. ಪಂಚಾಕ್ಷರಪ್ಪ ಗುಂಡಿಗಳನ್ನು ಮುಟ್ಟಲಿಲ್ಲ.

ಮರುದಿನ ಪಾಲಾಕ್ಷಪ್ಪನಿಗೆ ಕುಪ್ಪಸ ಹೊಲಿಯಲು ಕೊಡಲು ಹೊರಟ ಕೊಟ್ರಬಸಮ್ಮನ ಕೈಲಿ, ಆ ಗೋಲು ಒಪ್ಪಿಕೊಂಡಿದ್ದೇನೆಂದು ಹೇಳಿ ಕಳಿಸಿದ. ಸಂಜೆಯ ಹೊತ್ತಿಗೆ ಪಾಲಾಕ್ಷಪ್ಪ ಜೋಳದ ಡಬ್ಬಿ ಹೊತ್ತು ಬಾಗಿಲಲ್ಲಿ ನಿಂತ. ಬಸ್‌ಸ್ಟ್ಯಾಂಡಿನ ಗಿರಣಿಯ ಹಿಟ್ಟಿನಲ್ಲಿ ರೊಟ್ಟಿ ಬಿರಿಯುತ್ತವೆ ಎಂದು ಯಾರೂ ಕೇಳದಿದ್ದರೂ ಹೇಳಿದ. ಕೂಡುವ ಮುಂಚೆ ಕೈಲಿದ್ದ ಅಡಿಕೆ ಚೂರು ಬೀಳಿಸಿಕೊಂಡ, ಹೆಕ್ಕಲು ಮೇಜಿನ ಕೆಳಗೆ ಬಗ್ಗಿದ, ಸಮಾಧಾನದ ಮುಖ ಹೊತ್ತು ಮೇಲೆದ್ದ. ಪಂಚಾಕ್ಷರಪ್ಪ ಅಷ್ಟು ಹೊತ್ತೂ ಜೋಳ ಸುರಿಯುತ್ತಿದ್ದ.

ಗಿರಣಿ ತಿರುಗಿತು. ಆಟಗಾರರು ಎಂದಿನಂತೆ ಇಳಿಜಾರಿಗೆ ಜಾರಿ ಗುಂಪುಗೂಡಿದರು. ಪಾಲಾಕ್ಷಪ್ಪ ಎಂದಿನಂತೆ ಸೋಲತೊಡಗಿದ.

"ನಿನ್ನ ಕೈಗುಣ ದೊಡ್ಡದೈತಿ ಬಿಡಪ," ಎಂದ, ಸುಸ್ತಾದ ದನಿಯಲ್ಲಿ. ಆ ಮಾತು ಕೇಳಲು ಪಂಚಾಕ್ಷರಪ್ಪ ತಿಂಗಳುಗಟ್ಟಲೆ ಎರಡು ಸ್ಟೂಲು ಸವೆಸಿದ್ದ. ಈಗ ಕೇಳಿದರೆ ಅದು ಬರೀ ಹೊಟ್ಟು.

ಬಟಾಣಿ ಗುಂಪಿನ ಅಂಚಿಗೆ ಬಂತು. ಇಬ್ಬರು ಆಟಗಾರರ ನಡುವೆ ಒಂದು ಸಂದು ಬಿತ್ತು. ಪಂಚಾಕ್ಷರಪ್ಪ ಹಿಂದೆ ಕೈಚಾಚಿ ಮೇನ್ ಸ್ವಿಚ್ ಎಳೆದ. ಗಿರಣಿ ನರಳಿ ನಿಂತಿತು. ಆಟಗಾರರೂ ನಿಂತರು. ಬಟಾಣಿ ಮಾತ್ರ ತನ್ನ ಪಾಡಿಗೆ ಉರುಳಿ, ಸಂದಿನಲ್ಲಿ ತೂರಿ, ಒಳಗೆ ಬಿತ್ತು.

"ಕರೆಂಟ್ ಹೋತು," ಎಂದ ಪಂಚಾಕ್ಷರಪ್ಪ.

"ಹೋದ ಮ್ಯಾಲೆ ಬಿದ್ರೂ ಗೋಲ ಅಲ್ಲಾ?"

"ಗೋಲ ಪಾ. ಇಲ್ಲಿ ಈಗ ಅದ ಕಾನೂನು."

ಎದುರಿನ ಸೋಡಾ ಅಂಗಡಿಯ ಬಲ್ಬು ಝಗ್ಗನೆ ಉರಿಯುತ್ತಿತ್ತು. ಇಬ್ಬರೂ ಆ ಕಡೆ ನೋಡಲಿಲ್ಲ.